ಪ್ಲಾಸ್ಟಿಕ್ ಸೆಕ್ಸ್‌ಟಂಟ್: ಇಂಡೆಕ್ಸ್ ಎರರ್ ಗೊತ್ತಿದ್ದರೆ ಕೊಟ್ಟ ದುಡ್ಡಿಗೆ ಮೋಸವಿಲ್ಲ

ಸೂರ್ಯ, ನಕ್ಷತ್ರ ನೋಡಿ ನಾವಿರುವ ಜಾಗ ಕಂಡುಹಿಡಿಯುವುದನ್ನು ಕಲಿಯಬೇಕು ಅಂತ ತರಿಸಿಕೊಂಡ ಪ್ಲಾಸ್ಟಿಕ್ ಸೆಕ್ಸ್‌ಟಂಟ್ ಇದು. ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಬೆಂಗಳೂರಿನಲ್ಲಿ ತಾರಸಿ ಮೇಲೆ, ಊರಿಗೆ ಹೋದಾಗ ಮರವಂತೆ ಕಡಲತೀರದಲ್ಲಿ. ಕೊಳ್ಳಬಹುದಾ ಅಂತ ಕೇಳಿದರೆ ಧಾರಾಳವಾಗಿ ಕೊಳ್ಳಿ ಅನ್ನುತ್ತೇನೆ. ಆದರೆ ಇಂಡೆಕ್ಸ್ ಎರರ್ ಅಂದರೇನು ಅಂತ ಮೊದಲು ಚೆನ್ನಾಗಿ ತಿಳಿದುಕೊಳ್ಳಿ. ಈ ಉಪಕರಣ ನಿಮಗೆ ಉಪಯೋಗಕ್ಕೆ ಬರುತ್ತಾ ಇಲ್ಲವಾ ಅನ್ನುವುದು ಅದರ ಮೇಲೇ ನಿಂತಿದೆ.

ಸೆಕ್ಸ್‌ಟಂಟ್‌ನಲ್ಲಿ ಎರಡು ಕನ್ನಡಿ ಇರುತ್ತವೆ. ಅವುಗಳ ಸಹಾಯದಿಂದ ಸೂರ್ಯನ ಬಿಂಬವನ್ನು ಇಳಿಸಿ ದಿಗಂತದ ಗೆರೆಗೆ ತಾಗಿಸುತ್ತೇವೆ. ಎಷ್ಟು ಡಿಗ್ರಿ ಇಳಿಸಿದೆವೋ ಅದು ಸೂರ್ಯನ ಎತ್ತರ. ಸೊನ್ನೆಯಲ್ಲಿಟ್ಟಾಗ ಎರಡೂ ಕನ್ನಡಿ ಪೂರ್ತಿ ಸಮಾನಾಂತರವಾಗಿರಬೇಕು. ಸಾಮಾನ್ಯವಾಗಿ ಇರುವುದಿಲ್ಲ. ಆ ಸಣ್ಣ ವ್ಯತ್ಯಾಸವೇ ಇಂಡೆಕ್ಸ್ ಎರರ್. ಅಂಗಡಿಯ ತಕ್ಕಡಿ ಖಾಲಿ ಇದ್ದಾಗಲೇ 20 ಗ್ರಾಂ ತೋರಿಸಿದರೆ, ಆಮೇಲೆ ಏನೇ ತೂಗಿದರೂ 20 ಗ್ರಾಂ ಕಳೆಯಬೇಕು ಅಲ್ವಾ, ಹಾಗೆ.

ಒಂದು ಡಿಗ್ರಿ ಕೋನದಲ್ಲಿ 60 ಮಿನಿಟ್, ಇದು ಗಡಿಯಾರದ ಮಿನಿಟ್ ಅಲ್ಲ. ಎತ್ತರದಲ್ಲಿ ಒಂದು ಮಿನಿಟ್ ತಪ್ಪಿದರೆ ನಕ್ಷೆಯ ಮೇಲೆ ಒಂದು ನಾಟಿಕಲ್ ಮೈಲಿ ತಪ್ಪಿದ ಹಾಗೆ, ಅಂದರೆ 1.852 ಕಿ.ಮೀ. ಮೂರು ಮಿನಿಟ್ ಲೆಕ್ಕಕ್ಕೆ ಸಿಗದೆ ಹೋದರೆ ಐದೂವರೆ ಕಿಲೋಮೀಟರ್. ಬಂಡೆಗಳಿರುವ ಕಡಲಲ್ಲಿ ಅಷ್ಟು ಸಾಕು ಹಡಗು ಹಾಳಾಗಲು.

ನೋಡುವುದು ಸುಲಭ. ಸೊನ್ನೆಯಲ್ಲಿಟ್ಟು ದಿಗಂತ ನೋಡಿ. ಗೆರೆ ಎರಡು ತುಂಡಾಗಿ, ಒಂದು ಮೇಲೆ ಒಂದು ಕೆಳಗೆ ಕಾಣಿಸುತ್ತದೆ. ಮೈಕ್ರೋಮೀಟರ್ ಡ್ರಮ್, ಅಂದರೆ ಮಿನಿಟ್ ಗುರುತುಗಳಿರುವ ಗುಂಡಿ, ತಿರುಗಿಸಿ ಒಂದೇ ಗೆರೆ ಮಾಡಿ. ಈಗ ಡ್ರಮ್ ಸೊನ್ನೆಯಿಂದ ಮುಂದಕ್ಕೆ 3 ಮಿನಿಟ್ ತೋರಿಸಿದರೆ ಅದು ಆನ್ ದಿ ಆರ್ಕ್ (ಆರ್ಕ್ ಅಂದರೆ ಡಿಗ್ರಿ ಗುರುತುಗಳಿರುವ ಕಮಾನು). ಆಮೇಲೆ ತೆಗೆದ ಪ್ರತಿ ಅಳತೆಯಿಂದ 3 ಕಳೆಯಬೇಕು. ಡ್ರಮ್ ಸೊನ್ನೆಯಿಂದ ಹಿಂದಕ್ಕೆ ಹೋಗಿ 57 ತೋರಿಸಿದರೆ ಅದು ಆಫ್ ದಿ ಆರ್ಕ್. ಆಗ 57 ಅಲ್ಲ, 60ಕ್ಕೆ ಕಡಿಮೆಯಿರುವ 3 ಕೂಡಿಸಬೇಕು. ಹೊಸಬರು ಇಲ್ಲಿ ಜಾಸ್ತಿ ಗೊಂದಲಪಡುತ್ತಾರೆ. ಜೊತೆಗೆ ಬಂದ ಕೈಪಿಡಿಯಲ್ಲಿ ಇದಕ್ಕೆ ಕೊಟ್ಟಿರುವುದು ಕೆಲವೇ ಸಾಲು. ಇನ್ನೂ ಬಿಡಿಸಿ ಹೇಳಬೇಕಿತ್ತು.

ಇನ್ನು ಪ್ಲಾಸ್ಟಿಕ್ ವಿಚಾರ. ಒಳ್ಳೆಯ ಲೋಹದ ಸೆಕ್ಸ್‌ಟಂಟ್‌ನಲ್ಲಿ ಇಂಡೆಕ್ಸ್ ಎರರ್ ಬಹಳ ದಿನ ಹಾಗೇ ಇರುತ್ತದೆ. ಪ್ಲಾಸ್ಟಿಕ್ ಬಿಸಿಲಿಗೆ ಹಿಗ್ಗುತ್ತದೆ, ನೆರಳಿಗೆ ಬಂದರೆ ಕುಗ್ಗುತ್ತದೆ. ಪೆಟ್ಟಿಗೆಯಿಂದ ತೆಗೆದಾಗ ಇದ್ದ ಎರರ್ ಅರ್ಧ ಗಂಟೆ ಬಿಸಿಲಲ್ಲಿ ನಿಂತ ಮೇಲೆ ಬದಲಾಗಿರುತ್ತದೆ. ಹಾಗಾಗಿ ಪ್ರತಿ ಸಲ ಸೂರ್ಯನನ್ನು ಅಳೆಯುವ ಮುಂಚೆ ಒಮ್ಮೆ, ಅಳೆದ ಮೇಲೆ ಇನ್ನೊಮ್ಮೆ ನೋಡುತ್ತೇನೆ. ಡ್ರಮ್ ಯಾವಾಗಲೂ ಒಂದೇ ದಿಕ್ಕಿನಿಂದ ತಿರುಗಿಸಿ ನಿಲ್ಲಿಸುತ್ತೇನೆ. ಇಲ್ಲದಿದ್ದರೆ ಡ್ರಮ್ಮಿನ ಗೇರ್ ಹಲ್ಲುಗಳ ಸಡಿಲಕ್ಕೇ ಒಂದೆರಡು ಮಿನಿಟ್ ಹೋಗುತ್ತದೆ. ಸ್ಕ್ರೂ ತಿರುಗಿಸಿ ಎರರ್ ಸೊನ್ನೆಗೆ ತರಲು ಸುಮ್ನೆ ಒದ್ದಾಡಬೇಡಿ. ಎರರ್ ಇರುವುದು ತೊಂದರೆಯಲ್ಲ, ಎಷ್ಟಿದೆ ಅಂತ ಗೊತ್ತಿಲ್ಲದಿರುವುದು ತೊಂದರೆ.

ನನಗೆ ತುಂಬಾ ಇಷ್ಟವಾದದ್ದು ಸೂರ್ಯನಿಂದಲೇ ಎರರ್ ನೋಡುವ ವಿಧಾನ. ಎರಡೂ ಕಡೆಯ ಕಪ್ಪು ಗಾಜುಗಳನ್ನು ಹಾಕಲೇಬೇಕು, ಇಲ್ಲದಿದ್ದರೆ ಕಣ್ಣು ಹೋಗುತ್ತದೆ. ಸೊನ್ನೆಯ ಹತ್ತಿರ ಇಟ್ಟಾಗ ಎರಡು ಸೂರ್ಯ ಕಾಣುತ್ತವೆ. ಒಂದರ ಅಂಚು ಇನ್ನೊಂದರ ಅಂಚಿಗೆ ತಾಗುವಂತೆ ಮೊದಲು ಮೇಲಿನಿಂದ, ಆಮೇಲೆ ಕೆಳಗಿನಿಂದ ಕೂಡಿಸಬೇಕು. ಒಂದು ಸಲ 35 ಆನ್, ಇನ್ನೊಂದು ಸಲ 29 ಆಫ್ ಬಂತು ಅಂದುಕೊಳ್ಳಿ. ವ್ಯತ್ಯಾಸ 6, ಅದರ ಅರ್ಧ 3. ದೊಡ್ಡದು ಆನ್ ಇರುವುದರಿಂದ ಎರರ್ 3 ಆನ್. ಎರಡನ್ನೂ ಕೂಡಿಸಿದರೆ 64, ನಾಲ್ಕರಿಂದ ಭಾಗಿಸಿದರೆ 16. ಅಕ್ಟೋಬರ್ ಮೊದಲ ವಾರ ನಾಟಿಕಲ್ ಆಲ್ಮನಾಕ್ (ನಾವಿಕರ ಪಂಚಾಂಗ) ತೆಗೆದು ನೋಡಿದರೆ ಸೂರ್ಯನ ಅರ್ಧವ್ಯಾಸ ಅಷ್ಟೇ, 16.0 ಮಿನಿಟ್! ಅಳತೆ ಸರಿಯಾಗಿದೆ ಅಂತ ಸೂರ್ಯನೇ ಹೇಳಿದ ಹಾಗೆ. ಇಷ್ಟು ಅಗ್ಗದ ಪ್ಲಾಸ್ಟಿಕ್ಕಿನಿಂದ ಇದು ಸಾಧ್ಯ ಅನ್ನುವುದು ನನಗೆ ಇವತ್ತಿಗೂ ಖುಷಿ ಕೊಡುತ್ತದೆ.

ಮರವಂತೆಯಲ್ಲಿ ಕಡಲು ಇರುವುದು ಪಶ್ಚಿಮಕ್ಕೆ. ಹಾಗಾಗಿ ಸಂಜೆ ಸೂರ್ಯ ಸಿಗುತ್ತಾನೆ. ಮರಳ ಮೇಲೆ ನಿಂತು ಕಣ್ಣು ನೀರಿನ ಮಟ್ಟದಿಂದ 2 ಮೀಟರ್ ಎತ್ತರದಲ್ಲಿದ್ದರೆ ದಿಗಂತ ತಗ್ಗಿ ಕಾಣುವುದಕ್ಕೆ 2.5 ಮಿನಿಟ್ ಕಳೆಯಬೇಕು. ಇಂಡೆಕ್ಸ್ ಎರರ್ ತೆಗೆದ ಮೇಲೆ ಇದು. ಒಂದು ಅಳತೆಯಿಂದ ನಕ್ಷೆಯ ಮೇಲೆ ಸಿಗುವುದು ಒಂದು ಗೆರೆ, ನಾವು ಅದರ ಮೇಲೆ ಎಲ್ಲೋ ಇರುತ್ತೇವೆ. ಪಶ್ಚಿಮದ ಸೂರ್ಯನಿಂದ ಸಿಗುವ ಗೆರೆ ಉತ್ತರ ದಕ್ಷಿಣವಾಗಿ, ಹೆಚ್ಚು ಕಡಿಮೆ ನಮ್ಮ ಕರಾವಳಿಯ ಉದ್ದಕ್ಕೇ ಬೀಳುತ್ತದೆ. ದಡದಿಂದ ಎಷ್ಟು ದೂರ ಅಂತ ಗೊತ್ತಾಗುತ್ತದೆ, ಕುಂದಾಪುರದ ಎದುರಿಗಿದ್ದೇವಾ ಭಟ್ಕಳದ ಎದುರಿಗಾ ಅಂತ ಗೊತ್ತಾಗುವುದಿಲ್ಲ.

ಬೆಂಗಳೂರಿನಲ್ಲಿ ದಿಗಂತ ಎಲ್ಲಿದೆ? ಅಗಲ ತಟ್ಟೆಯಲ್ಲಿ ಹಳೇ ಎಂಜಿನ್ ಆಯಿಲ್ ಸುರಿದು, ಅದರಲ್ಲಿ ಕಾಣುವ ಸೂರ್ಯನಿಗೆ ಮೇಲಿನ ಸೂರ್ಯನನ್ನು ಇಳಿಸಿ ಕೂರಿಸುತ್ತೇನೆ. ಸಿಗುವ ಕೋನ ನಿಜವಾದ ಎತ್ತರದ ಎರಡರಷ್ಟು. ಮೊದಲು ಇಂಡೆಕ್ಸ್ ಎರರ್ ತೆಗೆದು ಆಮೇಲೆ ಅರ್ಧ ಮಾಡಬೇಕು, ಈ ಕ್ರಮ ತಪ್ಪಬಾರದು. ಉಪಕರಣ ಅಳೆಯುವುದು ಸುಮಾರು 120 ಡಿಗ್ರಿವರೆಗೆ. ಅಂದರೆ ಸೂರ್ಯ 60 ಡಿಗ್ರಿಗಿಂತ ಕೆಳಗಿರಬೇಕು. ಮಧ್ಯಾಹ್ನದ ಸೂರ್ಯ ಇಲ್ಲಿ ಅಷ್ಟು ಕೆಳಗಿರುವುದು ನವೆಂಬರ್ ಆರಂಭದಿಂದ ಫೆಬ್ರುವರಿ ಆರಂಭದವರೆಗೆ ಮಾತ್ರ. ಉಳಿದ ತಿಂಗಳು ಬೆಳಿಗ್ಗೆಯೋ ಸಂಜೆಯೋ ನೋಡಬೇಕು.

ಕೊರತೆಗಳೂ ಇವೆ. ಉಪ್ಪುಗಾಳಿಗೆ ಕನ್ನಡಿಯ ಅಂಚಿನಲ್ಲಿ ಬೆಳ್ಳಿ ಲೇಪ ಎದ್ದಿದೆ. ಕಡಲಿಂದ ಬಂದ ತಕ್ಷಣ ಸಿಹಿನೀರಿನ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಲೇಬೇಕು. ದೂರದರ್ಶಕ ಚಿಕ್ಕದು, ನಸುಕಿನಲ್ಲಿ ನಕ್ಷತ್ರ ಹಿಡಿಯಲು ಕಷ್ಟ.

ಮರ್ಚೆಂಟ್ ನೇವಿಗೆ ಓದುತ್ತಿರುವ ಹುಡುಗ ಹುಡುಗಿಯರಿಗೂ ಇದನ್ನು ಹೇಳುತ್ತೇನೆ. ಹಡಗಿನ ಅಧಿಕಾರಿಗಳಿಗೆ ಆಕಾಶ ನೋಡಿ ದಾರಿ ಕಾಣುವುದು ಇವತ್ತಿಗೂ ಕಡ್ಡಾಯ ಪಾಠ. ನಮ್ಮ ನೌಕಾಪಡೆಯಲ್ಲಿದ್ದ ಅಭಿಲಾಷ್ ಟೋಮಿ 2022ರ ಗೋಲ್ಡನ್ ಗ್ಲೋಬ್ ರೇಸ್‌ನಲ್ಲಿ ಜಿಪಿಎಸ್ ಬಳಸದೆ, ಸೆಕ್ಸ್‌ಟಂಟ್ ಹಿಡಿದೇ ಒಬ್ಬರೇ ಭೂಮಿ ಸುತ್ತಿ ಎರಡನೆಯವರಾಗಿ ಬಂದರು. ಕಾಲೇಜಿನ ಲೋಹದ ಸೆಕ್ಸ್‌ಟಂಟ್ ಎಲ್ಲರ ಕೈಗೂ ಬೇಕಾದಾಗ ಸಿಗುವುದಿಲ್ಲ. ಮನೆಯಲ್ಲಿ ಕೈ ಪಳಗಿಸಲು ಇದು ಸಾಕು. ಎರರ್ ಬದಲಾಗುತ್ತಲೇ ಇರುವುದರಿಂದ ಅದನ್ನು ನೋಡುವ ಅಭ್ಯಾಸವೂ ತಾನಾಗಿ ಬರುತ್ತದೆ. ಕೊಳ್ಳುವಾಗ ಗೆರೆಯಿರುವ ಡ್ರಮ್ ಬದಲು ಬರೀ ವರ್ನಿಯರ್ ಪಟ್ಟಿ (ಗೆರೆಗೆ ಗೆರೆ ಕೂಡಿಸಿ ಓದುವ ಚಿಕ್ಕ ಅಳತೆಪಟ್ಟಿ) ಇರುವ ಮಾದರಿ ಮಾತ್ರ ತೆಗೆದುಕೊಳ್ಳಬೇಡಿ. ಅದರಲ್ಲಿ ಒಂದೆರಡು ಮಿನಿಟ್ ಓದುವುದೇ ಕಷ್ಟ.