ಎಂಜಿನ್ ಬದಲಿಸಿದ 407: ಕತ್ತರಿಸಿದ ಶಾಫ್ಟ್, ಎರಡು ಮೌಂಟಿಂಗ್, 61,000 ಕಿಲೋಮೀಟರ್

ಅಡಿಕೆ ಮೂಟೆ ಸಾಗಿಸುವ ನಮ್ಮ ಟಾಟಾ 407ರ ಹಳೆಯ ಎಂಜಿನ್ ಕೈಕೊಟ್ಟಾಗ, ಆರ್‌ಟಿಒ ಅನುಮತಿ ಪಡೆದು ಅದೇ ಕಂಪನಿಯ 2,956 ಸಿಸಿ ಟರ್ಬೊ ಎಂಜಿನ್ ಕೂರಿಸಿದೆವು. ಅದರ ಜೊತೆ ಬಂದ ಗೇರ್ ಬಾಕ್ಸ್ ಹಳೆಯದಕ್ಕಿಂತ ಎರಡು ಇಂಚು ಉದ್ದ. ಹಾಗಾಗಿ ಗೇರ್ ಬಾಕ್ಸ್‌ನಿಂದ ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಮುಂದಿನ ತುಂಡನ್ನು ಕತ್ತರಿಸಿ, ಬೆಸುಗೆ ಹಾಕಿಸಿ, ನಡುಗದೆ ತಿರುಗುವಂತೆ ತೂಕ ಸರಿಹೊಂದಿಸಿ ಬ್ಯಾಲೆನ್ಸ್ ಮಾಡಿಸಬೇಕಾಯಿತು. ಗೇರ್ ಬಾಕ್ಸ್ ಹೊರುವ ಮೌಂಟಿಂಗ್, ಅಂದರೆ ಕಬ್ಬಿಣದ ತಟ್ಟೆಗೆ ಅಂಟಿಸಿದ ರಬ್ಬರ್ ಆಸರೆ, ಕೂಡ ಹೊಸದು. 26 ತಿಂಗಳು ಓಡಿಸಿದ ಮೇಲೆ ಬರೆಯುತ್ತಿದ್ದೇನೆ.

ಶಾಫ್ಟ್ ಬಗ್ಗೆ ದೂರಿಲ್ಲ. ಬೆಸುಗೆ ಹಾಗೆಯೇ ಇದೆ. ಶಾಫ್ಟ್ ಕೋನದಲ್ಲೂ ತಿರುಗಲು ಬಿಡುವ ಕೀಲುಗಳಾದ ಕ್ರಾಸ್‌ಗಳನ್ನು ಒಮ್ಮೆ ಬದಲಿಸಿದ್ದೇನೆ, ಅಷ್ಟೇ. ಆದರೆ ಈ ಶಾಫ್ಟನ್ನು ನಾನು ನಾಲ್ಕು ತಿಂಗಳು ಸುಮ್ಮಸುಮ್ಮನೆ ಬೈದೆ; ಅದನ್ನು ಹೇಳಲೇಬೇಕು.

ಮೊದಲ ಮೌಂಟಿಂಗ್ ಅಗ್ಗದ್ದು. ನಾಲ್ಕನೆಯ ತಿಂಗಳಿಗೆ ವೇಗ 50 ದಾಟಿದ ಕೂಡಲೇ ನೆಲದ ತಗಡು ಗುಂಯ್‌ಗುಡತೊಡಗಿತು. ಗೇರ್ ಬದಲಿಸಿದರೂ, ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಟ್ಟರೂ ಅದೇ ವೇಗದಲ್ಲಿ ಅದೇ ನಡುಕ. ಎಂಜಿನ್ನಿನದಲ್ಲ, ಶಾಫ್ಟ್‌ನದೇ ಎಂದುಕೊಂಡು ಎರಡು ಸಲ ಬಿಚ್ಚಿಸಿ ಬ್ಯಾಲೆನ್ಸ್ ಮಾಡಿಸಿದೆ. ಹಣ ಹೋಯಿತು, ನಡುಕ ಹೋಗಲಿಲ್ಲ.

ಕೊನೆಗೆ ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಹಿರಿಯ ಮೇಸ್ತ್ರಿಯೊಬ್ಬರು ಗಾಡಿಯನ್ನು ಜಾಕ್ ಮೇಲೆ ಎತ್ತದೆ, ಚಕ್ರ ನೆಲದ ಮೇಲಿರುವಾಗಲೇ, ಮೂಟೆ ಇಳಿಸದೆಯೇ ಅಡಿಗೆ ಸರಿದರು. ಗೇರ್ ಬಾಕ್ಸ್ ಕೆಳಗೆ ಸಬ್ಬಲ್ ಕೊಟ್ಟು ಮೆಲ್ಲಗೆ ಎತ್ತಿದರು. ಮೌಂಟಿಂಗಿನ ರಬ್ಬರ್ ಕಬ್ಬಿಣದ ತಟ್ಟೆಯಿಂದ ಬಾಯಿ ಬಿಟ್ಟಿತು. ನಡುವೆ ಬೆರಳು ತೂರುವಷ್ಟು ಸಂದು. "ಶಾಫ್ಟ್ ಏನೂ ಮಾಡಿಲ್ಲ ಅಣ್ಣಾ, ಗೇರ್ ಬಾಕ್ಸ್‌ನ ಹಿಂಭಾಗ ಕುಸಿದಿದೆ" ಎಂದರು.

ಎರಡು ತುಂಡಿನ ಶಾಫ್ಟ್‌ನಲ್ಲಿ ಗೇರ್ ಬಾಕ್ಸ್ ಮತ್ತು ಮುಂದಿನ ತುಂಡು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿರಬೇಕು, ಒಂದು ಡಿಗ್ರಿಯ ಆಸುಪಾಸಿನಲ್ಲಿ. ಗೇರ್ ಬಾಕ್ಸ್ ಮುಕ್ಕಾಲು ಇಂಚು ಇಳಿದದ್ದರಿಂದ ನಮ್ಮದು ಮೂರೂವರೆ ಡಿಗ್ರಿ ಆಗಿತ್ತು. ಕೋನದಲ್ಲಿ ತಿರುಗುವ ಕ್ರಾಸ್ ಪ್ರತಿ ಸುತ್ತಿಗೆ ಎರಡು ಸಲ ಶಾಫ್ಟ್‌ನ ವೇಗ ಏರಿಸಿ ಇಳಿಸುತ್ತದೆ. ಅದನ್ನು ಸರಿದೂಗಿಸುವ ಇನ್ನೊಂದು ಕ್ರಾಸ್ ಅಷ್ಟೇ ಕೋನದಲ್ಲಿ ಇಲ್ಲದಿದ್ದರೆ ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ವ್ಯರ್ಥ.

ಕಂಪನಿಯ ಅಸಲಿ ಮೌಂಟಿಂಗ್ ತರಿಸಿದೆ. ಬೆಲೆ ಎರಡೂವರೆ ಪಟ್ಟು, ಕೊಟ್ಟದ್ದಕ್ಕೆ ಬೇಸರವಿಲ್ಲ. ಹಾಕುವಾಗ ಬೋಲ್ಟ್‌ಗಳನ್ನು ಸಡಿಲವಾಗಿಯೇ ಬಿಟ್ಟು, ಎಂಜಿನ್ನಿನ ಪೂರ್ತಿ ಭಾರ ಕೂತ ಮೇಲೆ ಬಿಗಿ ಮಾಡಿದರು. ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಕೂರುತ್ತದೆಯಂತೆ. ಶಾಫ್ಟ್‌ನ ತುಂಡುಗಳು ಸರಿಯಾಗಿ ಕೂಡಲೆಂದು ಇರುವ ಎರಡು ಬಾಣದ ಗುರುತುಗಳನ್ನು ಒಂದೇ ಗೆರೆಗೆ ಹೊಂದಿಸಿದರು. ಶಾಫ್ಟ್‌ನ ಉದ್ದ ಹೊಂದಿಕೊಳ್ಳಲು ಜಾರುವ ಕೀಲಾದ ಸ್ಲಿಪ್ ಜಾಯಿಂಟ್ ಒಳಕ್ಕೂ ಹೊರಕ್ಕೂ ಸರಿಯಲು ಜಾಗವಿದೆಯೇ ಎಂದು ನನ್ನ ಕೈಯಿಂದಲೇ ತಳ್ಳಿಸಿ ತೋರಿಸಿದರು. ಗ್ರೀಸ್ ಹೊಡೆದಾಗ ಕ್ರಾಸ್‌ನ ನಾಲ್ಕೂ ತುದಿಯಿಂದ ಹೊಸ ಗ್ರೀಸ್ ಹೊರಬರುವವರೆಗೆ ನಿಲ್ಲಿಸಲಿಲ್ಲ. ಅಂಥ ಕೈಗೆ ಎಷ್ಟು ಕೂಲಿ ಕೊಟ್ಟರೂ ಕಡಿಮೆ.

ಆಮೇಲೆ ಎರಡು ಮಳೆಗಾಲ ಕಳೆದಿವೆ. ತೀರ್ಥಹಳ್ಳಿ ಕಡೆಯ ತಿರುವುಗಳಲ್ಲಿ ತುಂಬಿದ ಗಾಡಿ 60ರಲ್ಲಿ ಹೋದರೂ ನೆಲದ ತಗಡು ಸದ್ದು ಮಾಡುವುದಿಲ್ಲ. ಮೌಂಟಿಂಗಿನ ಎತ್ತರವನ್ನು ಆರು ತಿಂಗಳಿಗೊಮ್ಮೆ ಅಳೆದು ಬರೆದಿಡುತ್ತೇನೆ. ಇಲ್ಲಿಯವರೆಗೆ ಇಳಿದದ್ದು ಎರಡು ಮಿಲಿಮೀಟರ್. ಹೋದ ವಾರ ಮಾತ್ರ ಗೇರ್ ಬಾಕ್ಸ್‌ನ ಹಿಂದಿನ ಆಯಿಲ್ ಸೀಲ್ ಒಸರಿ ರಬ್ಬರಿನ ಅಂಚು ಒದ್ದೆಯಾಗಿರುವುದು ಕಂಡಿತು. ಎಣ್ಣೆ ಕುಡಿದರೆ ರಬ್ಬರ್ ಮೆತ್ತಗಾಗುತ್ತದೆ. ಒರೆಸಿ, ಸೀಲ್ ತರಲು ಹೇಳಿದ್ದೇನೆ.