ಬಡ್ಡಿ ಮನ್ನಾ ಆಯ್ತು, ಅಸಲು ಎರಡು ಸಲ ಕಟ್ಟಿದ್ದಾಯ್ತು: ಕರಸಮಾಧಾನ ಮತ್ತು ಜಿಎಸ್‌ಟಿ 128ಎ, ಶಿರಸಿಯ ಪಾತ್ರೆ ಅಂಗಡಿಯಿಂದ

ಹಳೇ ತೆರಿಗೆ ಬಾಕಿಯ ಬಡ್ಡಿ, ದಂಡ ಬಿಡುತ್ತೇವೆ ಅಂತ ಸರ್ಕಾರ ಹೇಳಿದಾಗ ಅದನ್ನು ಬಳಸಿಕೊಳ್ಳಬೇಕೋ ಬೇಡವೋ? ಪೇಟೆಯಲ್ಲಿ ನನ್ನನ್ನು ಈ ಪ್ರಶ್ನೆ ಕೇಳಿದವರು ಬಹಳ ಜನ. ನಮ್ಮ ಪಾತ್ರೆ ಅಂಗಡಿ ಎರಡೂ ಥರದ ಮನ್ನಾ ಕಂಡಿದೆ. ವ್ಯಾಟ್ ಕಾಲದ ಬಾಕಿಗೆ ರಾಜ್ಯದ ಕರಸಮಾಧಾನ ಯೋಜನೆ, ಜಿಎಸ್‌ಟಿ ಬಾಕಿಗೆ ಅದೇ ಕಾಯ್ದೆಯ 128ಎ ಕಲಂ. ಬಳಸಿಕೊಳ್ಳಿ ಅಂತಲೇ ನಾನು ಹೇಳುವುದು. ಆದರೆ ಅದಕ್ಕಿಂತ ಮೊದಲು ಅಸಲು ಸರಿಯಿದೆಯಾ ನೋಡಿ. ಈ ಯೋಜನೆಗಳು ಬಡ್ಡಿಯನ್ನು ಬಿಡುತ್ತವೆ, ಅಸಲಿನ ತಕರಾರನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಕರಸಮಾಧಾನದ ಅನುಭವ ಸರಳವಾಗಿತ್ತು, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ಮಾವನವರು ಅಂಗಡಿ ನಡೆಸುತ್ತಿದ್ದ ಕಾಲದ ವ್ಯಾಟ್ ಬಾಕಿಯೊಂದಿತ್ತು. 2021ರ ಯೋಜನೆಯಲ್ಲಿ ಮೂಲ ತೆರಿಗೆ ಪೂರ್ತಿ ಕಟ್ಟಿದವರಿಗೆ ಬಡ್ಡಿ, ದಂಡ ನೂರಕ್ಕೆ ನೂರು ಮನ್ನಾ. ಕಟ್ಟಲು ಅಕ್ಟೋಬರ್ 31ರವರೆಗೆ ಅವಕಾಶವಿತ್ತು. ಮೇಲ್ಮನವಿ ಹಾಕಿದ್ದರೆ ಅದನ್ನು ವಾಪಸ್ ತಗೊಳ್ಳಬೇಕಿತ್ತು, ನಮ್ಮದು ಇರಲಿಲ್ಲ. ಲಾಕ್‌ಡೌನ್ ಮುಗಿದು ವ್ಯಾಪಾರ ಈಗಷ್ಟೇ ಎದ್ದು ನಿಲ್ಲುತ್ತಿದ್ದ ಹೊತ್ತಿನಲ್ಲಿ ಅದು ನಮಗೆ ನಿಜವಾಗಿ ಉಸಿರು ಕೊಟ್ಟಿತು. ಮಾವನವರು ಆ ಕಡತಕ್ಕೆ ದಾರ ಸುತ್ತಿ ಮೇಲಿನ ಕಪಾಟಿಗೆ ಹಾಕಿದ ದಿನ ಅವರ ಮುಖದಲ್ಲಿದ್ದ ನೆಮ್ಮದಿಯನ್ನು ನಾನು ಬೇರೆ ಯಾವ ಲಾಭದ ವರ್ಷದಲ್ಲೂ ನೋಡಿಲ್ಲ.

ಆದರೂ ಒಂದು ಮಾತು ಹೇಳಲೇಬೇಕು. ಇದೇ ಹೆಸರಿನ 2017ರ ಯೋಜನೆಯಲ್ಲಿ ಮನ್ನಾ ಇದ್ದಿದ್ದು ಶೇ. 90 ಮಾತ್ರ. ಆಗ ಮುಂದೆ ಬಂದು ತೆರಿಗೆಯ ಜೊತೆ ಉಳಿದ ಶೇ. 10 ಬಡ್ಡಿ, ದಂಡವನ್ನೂ ಕೈಯಿಂದ ಕಟ್ಟಿದವರಿದ್ದಾರೆ. ಕಟ್ಟದೆ ನಾಲ್ಕು ವರ್ಷ ಕೂತವರಿಗೆ ಪೂರ್ತಿ ಮಾಫಿ ಸಿಕ್ಕಿತು. ಮೊದಲು ಬಂದವನಿಗೆ ಹೆಚ್ಚು ಕೊಡಬೇಕಿತ್ತು, ಕೊನೆಗೆ ಬಂದವನಿಗಲ್ಲ. ಇದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಇನ್ನು ಜಿಎಸ್‌ಟಿ. ಕರಸಮಾಧಾನ ಇರುವುದು ಜಿಎಸ್‌ಟಿಗೆ ಮೊದಲಿನ ಕಾಯ್ದೆಗಳ ಬಾಕಿಗೆ ಮಾತ್ರ. ಜಿಎಸ್‌ಟಿಯ ಬಡ್ಡಿಯನ್ನು ರಾಜ್ಯ ತಾನೊಂದೇ ಬಿಡಲಾಗುವುದಿಲ್ಲ, ಕೇಂದ್ರ, ರಾಜ್ಯಗಳೆಲ್ಲ ಸೇರಿದ ಜಿಎಸ್‌ಟಿ ಕೌನ್ಸಿಲ್ ಒಪ್ಪಬೇಕು. 2024ರ ಜೂನ್ 22ರ 53ನೇ ಸಭೆಯಲ್ಲಿ ಕೌನ್ಸಿಲ್ ಒಪ್ಪಿತು, 128ಎ ಅನ್ನುವ ಹೊಸ ಕಲಂ ಅದೇ ವರ್ಷ ನವೆಂಬರ್ 1ರಿಂದ ಜಾರಿಗೆ ಬಂತು. 2017-18, 2018-19, 2019-20 ಈ ಮೂರು ವರ್ಷಗಳಿಗೆ 73ನೇ ಕಲಮಿನಡಿ ನೋಟಿಸೋ ಆದೇಶವೋ ಬಂದಿದ್ದರೆ, 2025ರ ಮಾರ್ಚ್ 31ರೊಳಗೆ ತೆರಿಗೆ ಪೂರ್ತಿ ಕಟ್ಟಿದವರಿಗೆ ಬಡ್ಡಿ, ದಂಡ ಮನ್ನಾ. 73 ಅಂದರೆ ಮೋಸದ ಉದ್ದೇಶವಿಲ್ಲದ ಪ್ರಕರಣ. ಮೋಸದ ಆರೋಪವಿರುವ 74ನೇ ಕಲಮಿನವರಿಗೆ ಇದರಲ್ಲಿ ಜಾಗವಿಲ್ಲ, ಇರಬಾರದು ಕೂಡ.

ನಮ್ಮ ತಕರಾರು ಶುರುವಾಗಿದ್ದು 2018ರ ಮಾರಿಕಾಂಬಾ ಜಾತ್ರೆಯ ಖರೀದಿಯಿಂದ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಅಂದರೆ ಶಿರಸಿಯ ಅಂಗಡಿಗಳಿಗೆ ದೊಡ್ಡ ಹಂಗಾಮು. ಸ್ಟೀಲ್ ಡಬ್ಬಿ, ತಪ್ಪಲೆ, ಹಿತ್ತಾಳೆ ಹಂಡೆ, ಕುಕ್ಕರ್ ಎಲ್ಲ ತಿಂಗಳ ಮೊದಲೇ ತರಿಸಿ ತುಂಬಿಸಿಡುತ್ತೇವೆ. ಆಗ ಪಾತ್ರೆಗೆ ಶೇ. 12 ಜಿಎಸ್‌ಟಿ. ಜಿಎಸ್‌ಟಿ ಬಂದು ಒಂದು ವರ್ಷವೂ ಆಗಿರಲಿಲ್ಲ, ಹೋಲ್‌ಸೇಲಿನವರು ಬಹಳಷ್ಟು ಜನ ಇನ್ನೂ ಕಾರ್ಬನ್ ಹಾಳೆಯ ಬಿಲ್ ಪುಸ್ತಕದಲ್ಲೇ ಬರೆಯುತ್ತಿದ್ದರು. ನಾವು ಬಿಲ್ಲಿನಂತೆ ತೆರಿಗೆ ಕೊಟ್ಟು, ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ ತಗೊಂಡೆವು, ಅಂದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡೆವು. ಐದು ವರ್ಷದ ನಂತರ, 2023ರಲ್ಲಿ ನೋಟಿಸು ಬಂತು. ನೀವು 3ಬಿಯಲ್ಲಿ ತಗೊಂಡ ಕ್ರೆಡಿಟ್ಟಿಗೂ 2ಎಯಲ್ಲಿ ಕಾಣುವುದಕ್ಕೂ ತಾಳೆಯಿಲ್ಲ, ವ್ಯತ್ಯಾಸ ಕಟ್ಟಿ ಅಂತ. 3ಬಿ ಅಂದರೆ ನಾವು ತುಂಬುವ ರಿಟರ್ನು, 2ಎ ಅಂದರೆ ನಮಗೆ ಮಾರಿದವರು ತುಂಬಿದ ರಿಟರ್ನಿನಿಂದ ತಾನಾಗಿ ಮೂಡುವ ಪಟ್ಟಿ. ಅಲ್ಲಿ ಅವರು ಬರೆಯದಿದ್ದರೆ ನಮ್ಮ ಕೈಯಲ್ಲಿ ಬಿಲ್ ಇದ್ದೂ ಇಲ್ಲದಂತೆ.

ನಮ್ಮ ಲೆಕ್ಕ ನೋಡುವವರು ಆಗ ಹೇಳಿದ ಮಾತನ್ನು ಎಲ್ಲರಿಗೂ ಹೇಳುತ್ತಿರುತ್ತೇನೆ. "ಅಕ್ಕಾ, ಮುಂದೆ ಬಡ್ಡಿ ಬಿಡಬಹುದು, ಬಿಡದೇ ಇರಬಹುದು. ಅಸಲನ್ನು ಈಗಲೇ ಎಷ್ಟು ಇಳಿಸಬಹುದೋ ಇಳಿಸ್ವ." ಬಿಲ್ಲಿನ ಕಟ್ಟು ಬಿಚ್ಚಿ ಕೂತೆವು. ಹುಬ್ಬಳ್ಳಿಯ ಒಬ್ಬ ಹೋಲ್‌ಸೇಲಿನವರ ಬಿಲ್ಲುಗಳಲ್ಲಿ ಕಾರಣ ಅಲ್ಲೇ ಕಂಡಿತು. ನಮ್ಮ ಜಿಎಸ್‌ಟಿ ನಂಬರಿನಲ್ಲಿ 29 ಆದಮೇಲೆ ಬರುವ ಪ್ಯಾನಿನ ನಡುವೆ ಸೊನ್ನೆ ಇದೆ. ಅವರ ಗುಮಾಸ್ತ ಅದನ್ನು ಇಂಗ್ಲಿಷಿನ 'ಓ' ಅಕ್ಷರ ಅಂತ ಬರೆದಿದ್ದ, ಎಲ್ಲ ಬಿಲ್ಲಿನಲ್ಲೂ ಹಾಗೇ. ನಂಬರು ಕೂರದ ಕಾರಣ ರಿಟರ್ನಿನಲ್ಲಿ ಆ ಮಾರಾಟವನ್ನು ಗ್ರಾಹಕರಿಗೆ ಚಿಲ್ಲರೆ ಮಾರಿದ ಲೆಕ್ಕಕ್ಕೆ ಹಾಕಿಬಿಟ್ಟಿದ್ದರು. ತೆರಿಗೆ ಕಟ್ಟಿದ್ದರು, ನಮ್ಮ ಹೆಸರಿಗೆ ಬಂದಿರಲಿಲ್ಲ ಅಷ್ಟೇ.

ಇಂಥದ್ದಕ್ಕೆ ದಾರಿಯಿದೆ. 2022ರ ಡಿಸೆಂಬರ್ 27ರ 183ನೇ ಸುತ್ತೋಲೆ. 2017-18 ಮತ್ತು 2018-19ಕ್ಕೆ, ಒಬ್ಬ ಮಾರಾಟಗಾರರ ಕಡೆಯ ವ್ಯತ್ಯಾಸ ವರ್ಷಕ್ಕೆ ಐದು ಲಕ್ಷದೊಳಗಿದ್ದರೆ ಅವರಿಂದಲೇ ಒಂದು ಪ್ರಮಾಣಪತ್ರ ತಂದರೆ ಸಾಕು, ಮೇಲಿದ್ದರೆ ಸಿಎ ಸಹಿ ಬೇಕು. ಹುಬ್ಬಳ್ಳಿಯವರು ತಕರಾರಿಲ್ಲದೆ ಬರೆದುಕೊಟ್ಟರು. ಆದೇಶದಲ್ಲಿ ಆ ಭಾಗದ ಬಾಕಿಯನ್ನು ಕೈಬಿಟ್ಟರು.

ಇನ್ನೊಬ್ಬರು ಅಂಗಡಿಯನ್ನೇ ಮುಚ್ಚಿ ಊರು ಬಿಟ್ಟಿದ್ದರು. ಅವರು ರಿಟರ್ನ್ ತುಂಬಿರಲೇ ಇಲ್ಲ. ಆ ಬಿಲ್ಲುಗಳ 84,000 ರೂಪಾಯಿ ತೆರಿಗೆ ನಮ್ಮ ಮೇಲೇ ಉಳಿಯಿತು. ಶೇ. 18ರ ಬಡ್ಡಿ 2025ರ ಮಾರ್ಚಿಗೆ ಲೆಕ್ಕ ಹಾಕಿದರೆ ಒಂದು ಲಕ್ಷ ದಾಟುತ್ತಿತ್ತು, ಅಸಲಿಗಿಂತ ಹೆಚ್ಚು. ದಂಡ ತೆರಿಗೆಯ ಶೇ. 10 ಅಥವಾ 10,000, ಯಾವುದು ಜಾಸ್ತಿಯೋ ಅದು. ಕೇಂದ್ರದ ಪಾಲಿಗೊಂದು, ರಾಜ್ಯದ ಪಾಲಿಗೊಂದು ಅಂತ 20,000. ಒಟ್ಟು ಎರಡು ಲಕ್ಷದ ಮೇಲೆ ಹೋಗುವುದು 84,000ಕ್ಕೆ ಮುಗಿಯಿತು. ಅದಕ್ಕೆ 128ಎ ತಂದವರಿಗೆ ಮನಸಾರೆ ಕೃತಜ್ಞತೆ ಹೇಳುತ್ತೇನೆ. ಆದರೆ ಆ 84,000ವನ್ನು ನಾನು 2018ರಲ್ಲೇ ಮಾರಾಟಗಾರರ ಕೈಗೆ ಕೊಟ್ಟಿದ್ದೆ, ಬಿಲ್ಲಿದೆ, ಬ್ಯಾಂಕಿನ ನಮೂದಿದೆ. ಓಡಿಹೋದವರನ್ನು ಹಿಡಿಯುವ ಕೆಲಸ ಅಂಗಡಿಕಾರರದ್ದಲ್ಲ. ಹಣ ಕೊಟ್ಟ ಪುರಾವೆ ತೋರಿಸಿದವರಿಗೆ ಇಂಥ ಯೋಜನೆಯಲ್ಲೇ ಒಂದು ಬಾಗಿಲು ಇಡಬೇಕಿತ್ತು.

ಕಂತಿನ ಸೌಲಭ್ಯ ಇಲ್ಲದ್ದು ಎರಡನೇ ಕೊರತೆ. ಸಾಮಾನ್ಯವಾಗಿ 80ನೇ ಕಲಮಿನಡಿ ಇಂಥ ಬಾಕಿಯನ್ನು 24 ಕಂತುಗಳವರೆಗೆ ಕಟ್ಟಲು ಅನುಮತಿ ಕೇಳಬಹುದು. 128ಎಯಲ್ಲಿ ಮಾರ್ಚ್ 31ಕ್ಕೆ ಒಂದು ರೂಪಾಯಿ ಕಡಿಮೆಯಾದರೂ ಮನ್ನಾ ಇಲ್ಲ. ಮದುವೆ ಹಂಗಾಮಿನ ಪಾತ್ರೆಗೆ ಬಂಡವಾಳ ಹಾಕಿ ಕೂತ ಹೊತ್ತು ಅದು, 2025 ಜಾತ್ರೆಯ ವರ್ಷವೂ ಅಲ್ಲ. ನಾನು ಸೊಸೈಟಿಯಲ್ಲಿ ಬಂಗಾರ ಅಡವಿಟ್ಟು ಕಟ್ಟಿದೆ. ಅಡವಿಡಲು ಬಂಗಾರವಿಲ್ಲದವರು ಏನು ಮಾಡಬೇಕು? ಬಡ್ಡಿ ಮನ್ನಾದ ಅಗತ್ಯ ಎಲ್ಲಕ್ಕಿಂತ ಹೆಚ್ಚಿರುವುದು ಅವರಿಗೇ.

ಮೂರನೆಯದು ಸ್ಪಷ್ಟನೆ ಬಂದ ಹೊತ್ತು. ಒಂದೇ ಆದೇಶದಲ್ಲಿ ಯೋಜನೆಯೊಳಗಿನ ವರ್ಷಗಳೂ ಹೊರಗಿನ ವರ್ಷಗಳೂ ಸೇರಿದ್ದರೆ, ಒಳಗಿನವಕ್ಕೆ ಮಾತ್ರ ಕಟ್ಟಿದರೆ ಸಾಕು ಅಂತ ನಿಯಮ ಸರಿಪಡಿಸಿದ್ದು 2025ರ ಮಾರ್ಚ್ 27ಕ್ಕೆ. ಗಡುವಿಗೆ ನಾಲ್ಕು ದಿನ. ಪೂರ್ತಿ ಮೊತ್ತ ಹೊಂದಿಸಲಾಗದು ಅಂತ ಅಷ್ಟರಲ್ಲಿ ಕೈಬಿಟ್ಟವರಿಗೆ ಆ ನಾಲ್ಕು ದಿನ ಎಲ್ಲಿ ಸಾಲುತ್ತದೆ?

ಮೊದಲೇ ಬಡ್ಡಿ, ದಂಡ ಕಟ್ಟಿದವರಿಗೆ ವಾಪಸ್ ಇಲ್ಲ. ರಿಟರ್ನ್ ತಡವಾದ ಲೇಟ್ ಫೀ ಇದರಲ್ಲಿ ಸೇರುವುದಿಲ್ಲ.

ಅರ್ಜಿಯ ಕೆಲಸ ಮಾತ್ರ ನಾನು ಅಂದುಕೊಂಡಿದ್ದಕ್ಕಿಂತ ಸಲೀಸಾಗಿತ್ತು. ಬರೀ ನೋಟಿಸು ಇದ್ದವರಿಗೆ ಎಸ್‌ಪಿಎಲ್-01 ಅನ್ನುವ ಫಾರ್ಮು, ಆದೇಶ ಆದವರಿಗೆ ಎಸ್‌ಪಿಎಲ್-02. ಮೊದಲು ಹಣ, ಆಮೇಲೆ ಅರ್ಜಿ. ಅರ್ಜಿಗೆ ಜೂನ್ 30ರವರೆಗೆ ಸಮಯವಿತ್ತು. ಆದೇಶದ ಬಾಕಿಯನ್ನು ಪೋರ್ಟಲಿನಲ್ಲಿ ಅದೇ ಡಿಮ್ಯಾಂಡಿನ ಎದುರಿಗೇ ಕಟ್ಟಬೇಕು. ಅಭ್ಯಾಸದಂತೆ ಡಿಆರ್‌ಸಿ-03 ಅನ್ನುವ ಪಾವತಿ ಫಾರ್ಮಿನಲ್ಲಿ ಕಟ್ಟಿದವರು ಮತ್ತೆ 03ಎ ತುಂಬಿ ಆ ಹಣವನ್ನು ಡಿಮ್ಯಾಂಡಿಗೆ ಜೋಡಿಸಬೇಕಾಯಿತು. ಎಸ್‌ಪಿಎಲ್-05ರಲ್ಲಿ ಒಪ್ಪಿಗೆ ಬಂತು. ಫಾರ್ಮು, ಆದೇಶ ಎಲ್ಲ ಇಂಗ್ಲಿಷಿನಲ್ಲೇ. ಮಾವನವರಿಗೆ ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದೆ. ಐವತ್ತು ವರ್ಷ ಗಲ್ಲಾ ನೋಡಿಕೊಂಡ ಮನುಷ್ಯನಿಗೆ ತನ್ನ ಅಂಗಡಿಯ ಆದೇಶವನ್ನು ತಾನೇ ಓದಿಕೊಳ್ಳುವ ಹಕ್ಕಿದೆ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಗಳಿಗೆ ಬಂದ ನೋಟಿಸಿನದ್ದು ಬೇರೆಯೇ ಕಥೆ. ಅದು 2021-22ರಿಂದ ಮುಂದಿನ ವರ್ಷಗಳದ್ದು, 128ಎಗೂ ಅದಕ್ಕೂ ಸಂಬಂಧವಿಲ್ಲ. ಜುಲೈ 23ರಂದು ಮುಖ್ಯಮಂತ್ರಿಗಳು ವರ್ತಕರ ಜೊತೆ ಮಾತಾಡಿದ ಮೇಲೆ ಅದು ತಣ್ಣಗಾಯಿತು. ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದ ವಹಿವಾಟು ದಾಟಿದರೆ ನೋಂದಣಿ ಬೇಕು ಅನ್ನುವುದು ಹಾಗೇ ಇದೆ. ಬೀಡಾ ಅಂಗಡಿ, ಬೇಕರಿಯವರು ಎರಡನ್ನೂ ಒಂದೇ ಅಂತ ಗೊಂದಲ ಮಾಡಿಕೊಂಡು ಬರುತ್ತಾರೆ, ಅದಕ್ಕೇ ಬರೆದೆ.

128ಎಯಡಿ ಅರ್ಜಿ ಹಾಕಿದವರು ಈಗ ಮಾಡಬೇಕಾದ್ದು ಒಂದಿದೆ. ಪೋರ್ಟಲಿಗೆ ಹೋಗಿ ಲಯಬಿಲಿಟಿ ರಿಜಿಸ್ಟರಿನ, ಅಂದರೆ ನಿಮ್ಮ ಬಾಕಿಯ ಖಾತೆಯ, ಎರಡನೇ ಭಾಗ ತೆರೆಯಿರಿ. ನಿಮ್ಮ ಆದೇಶದ ನಂಬರಿನ ಎದುರು ತೆರಿಗೆಯ ಜೊತೆ ಬಡ್ಡಿ, ದಂಡದ ಸಾಲುಗಳೂ ಸೊನ್ನೆ ತೋರಿಸಬೇಕು. ತೋರಿಸದಿದ್ದರೆ ಎಸ್‌ಪಿಎಲ್-05ರ ಪ್ರತಿ ಹಿಡಿದು ಕಚೇರಿಗೆ ಹೋಗಿ ಕೇಳಿ, ಅರ್ಜಿ ಕೊಟ್ಟಿದ್ದಕ್ಕೆ ಸ್ವೀಕೃತಿ ಹಾಕಿಸಿಕೊಳ್ಳಿ.