ಮೊದಲ ಮೆಕ್ ಅಂತ ಅಟ್ಲಾಸ್ ಕೊಳ್ಳುವ ಮುಂಚೆ ನನ್ನ ಕಥೆ ಕೇಳಿ

ಮೆಕ್‌ವಾರಿಯರ್ ಆನ್‌ಲೈನ್ ಹೊಸದಾಗಿ ಆಡಲು ಶುರು ಮಾಡಿ, ಕೈಯಲ್ಲಿ ಒಂದಿಷ್ಟು ಸಿ-ಬಿಲ್ಸ್ (ಆಟದೊಳಗಿನ ದುಡ್ಡು) ಸೇರಿ, ಯಾವ ರೋಬೋ ಕೊಳ್ಳಲಿ ಅಂತ ಪಟ್ಟಿ ನೋಡುತ್ತಾ ಕೂತವರು ಯಾರಾದರೂ ಇದ್ದರೆ, ಬಟನ್ ಒತ್ತುವ ಮುಂಚೆ ಐದು ನಿಮಿಷ ನಿಲ್ಲಿ. ನಾನು ನಿಲ್ಲಲಿಲ್ಲ.

ನನ್ನದು ದಾವಣಗೆರೆ. ಪಿ.ಬಿ. ರಸ್ತೆಯಲ್ಲಿ ಲಾರಿ ಸ್ಪೇರ್ ಪಾರ್ಟ್ಸ್ ಅಂಗಡಿ. ರಾತ್ರಿ ಶಟರ್ ಎಳೆದು, ಮನೆಗೆ ಬಂದು ಊಟ ಮುಗಿಸಿ, ಅಕ್ಕನ ಮಗನ ಕಂಪ್ಯೂಟರ್ ಮುಂದೆ ಒಂದು ತಾಸು ಕೂರುತ್ತೇನೆ. ಅಂಗಡಿಗೆ ಬರುವ ಹೊಸ ಹುಡುಗರಿಗೆ "ಮೊದಲೇ ದೊಡ್ಡ ಗಾಡಿಗೆ ಕೈ ಹಾಕಬೇಡ್ರಪ್ಪ, ಟೈರು, ಡೀಸೆಲ್ಲಿಗೇ ಮುಳುಗಿ ಹೋಗ್ತೀರಿ" ಅಂತ ಬುದ್ಧಿ ಹೇಳುವವನೂ ನಾನೇ. ಅಟ್ಲಾಸ್ ಕಂಡ ದಿನ ಆ ಬುದ್ಧಿ ಎಲ್ಲಿ ಹೋಗಿತ್ತೋ ಗೊತ್ತಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಹನ್ನೆರಡು ಜನರ ವಿರುದ್ಧ ಹನ್ನೆರಡು ಜನ, ಎಲ್ಲರೂ ದೈತ್ಯ ರೋಬೋಗಳ ಒಳಗೆ. ಈ ರೋಬೋಗೆ ಮೆಕ್ ಅಂತ ಹೆಸರು. 20ರಿಂದ 35 ಟನ್ ಇದ್ದರೆ ಲೈಟ್, 40ರಿಂದ 55 ಮೀಡಿಯಂ, 60ರಿಂದ 75 ಹೆವಿ, 80ರಿಂದ 100 ಅಸಾಲ್ಟ್. ಮೊದಲ 25 ಆಟಗಳಿಗೆ ಹೊಸಬರ ಬೋನಸ್ ಸಿಗುತ್ತದೆ. ಆ ದುಡ್ಡಲ್ಲೇ ಮೊದಲ ಮೆಕ್ ಬರುತ್ತದೆ. ಆಮೇಲೆ ಒಂದೊಂದು ಸಿ-ಬಿಲ್ಲಿಗೂ ಬೆವರು ಸುರಿಸಬೇಕು.

ಅಟ್ಲಾಸ್ ಅಂದರೆ 100 ಟನ್. ಮುಖ ತಲೆಬುರುಡೆ ಥರ. ಭುಜ ನೋಡಿದರೇ ಎದುರಾಳಿ ಓಡಿಹೋಗಬೇಕು, ಹಾಗಿದೆ. "ಮಾಮ, ಟ್ರಯಲ್ ಮೆಕ್ ಪುಕ್ಕಟೆ ಇದಾವೆ. ಇನ್ನೊಂದು ವಾರ ಅವನ್ನೇ ಆಡ್ರಿ" ಅಂದ ಅಕ್ಕನ ಮಗ. ಕೇಳಲಿಲ್ಲ. ತೊಂಬತ್ತು ಲಕ್ಷದ ಮೇಲೆ ಸುರಿದು ಎಎಸ್7-ಡಿ ಅನ್ನುವ ಅಟ್ಲಾಸ್ ಮಾಡಲ್ ತಂದೆ. ಖಜಾನೆ ಖಾಲಿ.

ಮರುದಿನ ರಾತ್ರಿ ಟೆರ್ರಾ ಥರ್ಮಾ ಮ್ಯಾಪ್ ಬಂತು. ಲಾವಾ ಹರಿಯುವ ಜಾಗ. ನಮ್ಮೂರಿನ ಏಪ್ರಿಲ್ ಇದರ ಮುಂದೆ ಏನೂ ಅಲ್ಲ. ಅಲ್ಲಿ ಮೆಕ್ ಬೇಗ ಕಾಯುತ್ತದೆ, ತಣ್ಣಗಾಗಲು ಜಾಸ್ತಿ ಹೊತ್ತು ಬೇಕು. ಆಟ ಶುರುವಾದದ್ದೇ ನಮ್ಮವರೆಲ್ಲ ಬಲಕ್ಕೆ ತಿರುಗಿ ಸುತ್ತು ಹಾಕತೊಡಗಿದರು. ಆಡುವವರು ಇದಕ್ಕೆ ಅಮೆರಿಕದ ಕಾರ್ ರೇಸಿನ ಹೆಸರಿಟ್ಟು ನ್ಯಾಸ್ಕಾರ್ ಅನ್ನುತ್ತಾರೆ. ನನ್ನ ಅಟ್ಲಾಸಿನ ವೇಗ ಗಂಟೆಗೆ 48.6 ಕಿಲೋಮೀಟರ್. ಮೂವತ್ತು ಸೆಕೆಂಡಿನಲ್ಲಿ ಹನ್ನೊಂದೂ ಜನ ಕಣ್ಮರೆ. ಲೋಡ್ ಹೊತ್ತು ಘಾಟಿ ಹತ್ತುವ ಲಾರಿ ಥರ ನಾನೊಬ್ಬನೇ ಹಿಂದೆ.

ಆಗ ಬಂತು ಲೋಕಸ್ಟ್ ಅನ್ನುವ ಲೈಟ್ ಮೆಕ್. ಬರೀ 20 ಟನ್, ಒಳ್ಳೇ ಎಂಜಿನ್ ಹಾಕಿದರೆ 150ರ ಮೇಲೆ ಓಡುತ್ತದೆ. ನೇರ ನನ್ನ ಬೆನ್ನಿಗೆ. ಮುಂದೆ ಎಷ್ಟೇ ಕವಚ ಇರಲಿ, ಬೆನ್ನು ತೆಳು. ತಿರುಗಿದೆ, ಅಷ್ಟರಲ್ಲಿ ಅದೂ ತಿರುಗಿತ್ತು. ಸಿಟ್ಟು ಬಂದು ಇದ್ದಬದ್ದ ಗುಂಡಿ ಎಲ್ಲ ಒಟ್ಟಿಗೇ ಒತ್ತಿದೆ. ಎಸಿ/20 ಅನ್ನುವ ದೊಡ್ಡ ತೋಪು, ನಾಲ್ಕು ಲೇಸರ್, ಕ್ಷಿಪಣಿ, ಎಲ್ಲವೂ. ಶಾಖದ ಪಟ್ಟಿ ಸರ್‍ರಂತ ತುದಿ ಮುಟ್ಟಿತು. "ಶಟ್‌ಡೌನ್ ಸೀಕ್ವೆನ್ಸ್ ಇನಿಶಿಯೇಟೆಡ್" ಅಂತು ಒಳಗಿನ ಹೆಣ್ಣು ದನಿ. ಪರದೆ ಕತ್ತಲು. ನೂರು ಟನ್ ಕಬ್ಬಿಣ ನಿಂತಲ್ಲೇ ನಿಂತಿತು, ಲೋಕಸ್ಟ್ ನಿಧಾನಕ್ಕೆ ಬೆನ್ನು ಕೊರೆಯಿತು. ಹಿಂದೆ ನಿಂತು ನೋಡುತ್ತಿದ್ದ ಹುಡುಗ ಮಂಡಕ್ಕಿ ತಿನ್ನುವುದನ್ನೂ ನಿಲ್ಲಿಸಲಿಲ್ಲ.

ಆಟದ ಅಂಗಡಿಯಿಂದ ಬಂದ ಸ್ಥಿತಿಯಲ್ಲಿ ಅಟ್ಲಾಸಿಗೆ ಸಿಂಗಲ್ ಹೀಟ್ ಸಿಂಕ್ ಇರುತ್ತವೆ. ನಮ್ಮ ಭಾಷೆಯಲ್ಲಿ ಚಿಕ್ಕ ರೇಡಿಯೇಟರ್ ಅನ್ನಿ. ಡಬಲ್‌ಗೆ ಬದಲಾಯಿಸಲು 15 ಲಕ್ಷ. ನನ್ನ ಹತ್ತಿರ ಎಲ್ಲಿತ್ತು? ಇನ್ನೊಂದು ವಿಷಯ. ಅದರಲ್ಲಿರುವ, ದೂರಕ್ಕೆ ಹೊಡೆಯುವ ಎಲ್‌ಆರ್‌ಎಂ ಕ್ಷಿಪಣಿ 180 ಮೀಟರಿಗಿಂತ ಹತ್ತಿರದವರಿಗೆ ತಾಗಿದರೂ ಏನೂ ಆಗಲ್ಲ. ಎಸಿ/20 ಪೂರ್ತಿ ಏಟು ಕೊಡುವುದು 270 ಮೀಟರಿನ ಒಳಗೆ. ಒಂದಕ್ಕೆ ದೂರ ನಿಲ್ಲಬೇಕು, ಇನ್ನೊಂದಕ್ಕೆ ಹತ್ತಿರ ಹೋಗಬೇಕು. ಹೊಸಬನಿಗೆ ಆ ಮಧ್ಯದ ತೊಂಬತ್ತು ಮೀಟರಿನಲ್ಲಿ ನಿಂತು ಆಡಲು ಬರುತ್ತದಾ?

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಜೊತೆಗೆ ಆಡಿದ ಯಾರೋ ಒಬ್ಬ "ಎಕ್ಸ್‌ಎಲ್ ಎಂಜಿನ್ ಹಾಕು, ತೂಕ ಇಳಿಯುತ್ತೆ" ಅಂದ. ಮಾತು ಸುಳ್ಳಲ್ಲ. 300 ರೇಟಿಂಗಿನ ಎಕ್ಸ್‌ಎಲ್ ಹಾಕಿದರೆ ಒಂಬತ್ತೂವರೆ ಟನ್ ಉಳಿಯುತ್ತದೆ. ವಾರಗಟ್ಟಲೆ ಸೋಲುತ್ತಾ ಕೂಡಿಟ್ಟ ದುಡ್ಡೆಲ್ಲ ಅದಕ್ಕೆ ಹಾಕಿದೆ. ಅವನು ಹೇಳದೇ ಬಿಟ್ಟದ್ದು ಇಷ್ಟು: ಈ ಎಂಜಿನ್ ಎದೆಯ ಎರಡೂ ಪಕ್ಕಕ್ಕೆ ಚಾಚಿಕೊಂಡಿರುತ್ತದೆ. ಆಟದಲ್ಲಿ ಇನ್ನರ್ ಸ್ಫಿಯರ್, ಕ್ಲ್ಯಾನ್ ಅಂತ ಎರಡು ಬಣ. ಇನ್ನರ್ ಸ್ಫಿಯರ್ ಮೆಕ್‌ಗಳಲ್ಲಿ ಒಂದು ಪಕ್ಕ ಹೋದರೂ ಇಡೀ ಮೆಕ್ ಸತ್ತಂತೆ. ಕ್ಲ್ಯಾನ್ ಮೆಕ್ ಆದರೆ ಒಂದು ಪಕ್ಕ ಹೋದರೂ ಕುಂಟುತ್ತಾ ಬದುಕುತ್ತದೆ. ನನ್ನದು ಇನ್ನರ್ ಸ್ಫಿಯರ್. ಅಟ್ಲಾಸಿನ ಬಲಪಕ್ಕದಲ್ಲಿ ಆ ದೊಡ್ಡ ತೋಪು ಇರುವುದು ಎಲ್ಲರಿಗೂ ಗೊತ್ತು, ಮೊದಲ ಗುಂಡು ಅಲ್ಲಿಗೇ. ಮುಂಚೆ ತೋಪು ಹೋದರೂ ಒಂದಿಷ್ಟು ಹೊಡೆದಾಡುತ್ತಿದ್ದೆ. ಈಗ ತೋಪಿನ ಜೊತೆ ನಾನೂ ಹೋಗುತ್ತಿದ್ದೆ.

ಕೊನೆಗೆ ಮಾರಿದೆ. ಮಾರಿದರೆ ಸಿಗುವುದು ಅರ್ಧ ಬೆಲೆ.

ಅಟ್ಲಾಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಬಲ್ಲವನ ಕೈಯಲ್ಲಿ ಅದು ಯಮ. ಎಲ್ಲಿ ನಿಲ್ಲಬೇಕು, ತಂಡ ಯಾವ ಕಡೆ ಹೋಗುತ್ತದೆ ಅಂತ ಮೊದಲೇ ಗೊತ್ತಿದ್ದವನಿಗೆ ಅದು ಸರಿ. ನೀವು ಮೊದಲು ಟ್ರಯಲ್ ಮೆಕ್‌ಗಳಲ್ಲಿ ನಾಲ್ಕೂ ತೂಕದವನ್ನು ಐದಾರು ಸಲವಾದರೂ ಆಡಿ. ಬಿಸಿ ಎಷ್ಟು ಏರುತ್ತದೆ ಅಂತ ಟೆಸ್ಟಿಂಗ್ ಗ್ರೌಂಡ್ಸ್‌ನಲ್ಲಿ ಸುಮ್ನೆ ನಿಂತ ಮೆಕ್‌ಗೆ ಹೊಡೆದು ನೋಡಿ, ಅಲ್ಲಿ ಯಾರೂ ತಿರುಗಿ ಹೊಡೆಯಲ್ಲ. ಕೊಂಡ ಮೇಲೆ ಹೀಟ್ ಸಿಂಕ್, ಎಂಜಿನ್ ಥರದ ಬದಲಾವಣೆಗೆ ಅಂತ ಒಂದು ಇಪ್ಪತ್ತು ಮೂವತ್ತು ಲಕ್ಷ ಉಳಿಯುವ ಹಾಗೆ ಆರಿಸಿ.

ನಾನೀಗ 50 ಟನ್ನಿನ ಹಂಚ್‌ಬ್ಯಾಕ್ 4ಪಿ ಓಡಿಸುತ್ತೇನೆ. ಬೆಲೆ ಅಟ್ಲಾಸಿನ ಅರ್ಧಕ್ಕಿಂತ ಕಡಿಮೆ. ಎಲ್ಲ ಲೇಸರ್, ಗುಂಡು ಮುಗಿಯುವ ಚಿಂತೆ ಇಲ್ಲ. ಬಲ ಭುಜದ ಗೂನಿನಲ್ಲೇ ಆರು ಲೇಸರ್ ಇರುವುದರಿಂದ ಆ ಗೂನು ಹಾರಿದರೆ ಕಥೆ ಮುಗಿದಂತೆ, ಅದೂ ನೆನಪಿರಲಿ. ಮೂರು ಮೂರಾಗಿ ಹೊಡೆಯಬೇಕು, ಎಲ್ಲ ಒಟ್ಟಿಗೆ ಒತ್ತಿದರೆ ಮತ್ತೆ ಆ ಹೆಣ್ಣು ದನಿ ಮಾತಾಡುತ್ತದೆ.

ಮಾರುವ ಮುಂಚೆ ಎಕ್ಸ್‌ಎಲ್ ಎಂಜಿನ್ ಬಿಚ್ಚಿ ಇಟ್ಟುಕೊಂಡಿದ್ದೆ. ಈಗಲೂ ಆಟದ ಗೋದಾಮಿನಲ್ಲಿದೆ. ನಮ್ಮ ಅಂಗಡಿ ಅಟ್ಟದಲ್ಲೂ ಹಳೇ ಮಾಡಲ್ ಲಾರಿಯ ರೇಡಿಯೇಟರ್ ಎರಡು ಹಾಗೇ ಧೂಳು ತಿನ್ನುತ್ತಾ ಕೂತಿವೆ. ಡೆಡ್ ಸ್ಟಾಕ್.